ಪದ ಪರಿಚಯ: ಒಳ ಉಲ್ಲೇಖ

'ಚಿತ್ರ 4ನ್ನು ನೋಡಿ', 'ಪುಟ 62ರಲ್ಲಿ ಹೇಳಿದಂತೆ' ಎಂದು ಒಂದೇ ಬರಹದ ಒಂದೆಡೆಯಿಂದ ಇನ್ನೊಂದೆಡೆಗೆ ಓದುಗರನ್ನು ಕಳಿಸುವ ಸೂಚನೆಯೇ ಒಳ ಉಲ್ಲೇಖ. ಕಂಪ್ಯೂಟರಿನಲ್ಲಿ ಬರೆಯುವವರು ಇದನ್ನು ಕ್ರಾಸ್ ರೆಫರೆನ್ಸ್ ಎನ್ನುತ್ತಾರೆ. ಬೇರೆಯವರ ಪುಸ್ತಕವನ್ನು ಹೆಸರಿಸುವ ಆಕರ ಸೂಚಿ ಬೇರೆ, ಇದು ಬೇರೆ.

ಆ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಿದರೆ, ನಡುವೆ ಹೊಸ ಚಿತ್ರವೊಂದು ಸೇರಿದೊಡನೆ ನಾಲ್ಕನೆಯದು ಐದನೆಯದಾಗುತ್ತದೆ, ವಾಕ್ಯ ಮಾತ್ರ ಹಳೆಯ ನಾಲ್ಕನ್ನೇ ಹೇಳುತ್ತಿರುತ್ತದೆ. ಎರಡು ಪುಟದ ಪತ್ರಕ್ಕೆ ಈ ಕ್ರಮ ಸಾಕು. ಪ್ರಬಂಧಕ್ಕೆ ಖಂಡಿತ ಸಾಲದು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 'ಇನ್ಸರ್ಟ್ ಕ್ಯಾಪ್ಷನ್' ತೆರೆದು, 'ನ್ಯೂ ಲೇಬಲ್' ಎಂಬಲ್ಲಿ 'ಚಿತ್ರ' ಎಂದು ಒಮ್ಮೆ ಬರೆದು ಸಂಖ್ಯೆ ಕೊಟ್ಟು, ಬಳಿಕ 'ಕ್ರಾಸ್ ರೆಫರೆನ್ಸ್' ಮೂಲಕ ಅದನ್ನು ವಾಕ್ಯದೊಳಕ್ಕೆ ತಂದರೆ, ಅಲ್ಲಿ ಕೂರುವುದು ಸಂಖ್ಯೆಯಲ್ಲ, ಫೀಲ್ಡ್, ಅಂದರೆ ಬೇರೆಡೆಯಿಂದ ಮಾಹಿತಿಯನ್ನು ತಂದು ತೋರಿಸುವ ಸಂಕೇತ. ತಂತ್ರಾಂಶವು ಚಿತ್ರದ ಶೀರ್ಷಿಕೆಯ ಬಳಿ ಕಣ್ಣಿಗೆ ಕಾಣದ ಬುಕ್‌ಮಾರ್ಕ್ (ಜಾಗದ ಗುರುತು) ಇಟ್ಟು ಅಲ್ಲಿಂದ ಸಂಖ್ಯೆಯನ್ನು ಓದಿ ತರುತ್ತದೆ. ಹಾಗೆಂದು ಅದು ತತ್‌ಕ್ಷಣ ತಾನಾಗಿ ಬದಲಾಗದು. ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆಯ್ದು ಎಫ್ 9 ಒತ್ತಬೇಕು, ಅಡಿಟಿಪ್ಪಣಿಗಳಲ್ಲಿ ಇದನ್ನೇ ಪ್ರತ್ಯೇಕವಾಗಿ ಮಾಡಬೇಕು. ಮೂಲ ಶೀರ್ಷಿಕೆಯನ್ನೇ ಅಳಿಸಿದ್ದರೆ ವಾಕ್ಯದ ನಡುವೆ 'ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್' ಎಂದು ಮೂಡುತ್ತದೆ. ಆದ್ದರಿಂದ ಅಚ್ಚಿಗೆ ಕಳಿಸುವ ಮುನ್ನ 'ಎರರ್' ಎಂಬ ಪದವನ್ನು ಹುಡುಕಿ ನೋಡುವುದು ಒಳ್ಳೆಯ ರೂಢಿ.

ಅಧ್ಯಾಯಗಳಿಗೆ ಹೆಡಿಂಗ್ ಸ್ಟೈಲ್ (ತಲೆಬರಹಕ್ಕೆಂದು ವರ್ಡ್‌ನಲ್ಲಿರುವ ಸಿದ್ಧ ವಿನ್ಯಾಸ) ಮತ್ತು ತಾನಾಗಿ ಬರುವ ಸಂಖ್ಯೆ ಇದ್ದರೆ ಸಂಖ್ಯೆಯನ್ನೇ ಉಲ್ಲೇಖಿಸಬಹುದು. ಪ್ಯಾರಾದ ನಡುವಿನ ಒಂದು ಮಾತಿಗೆ ನಾವೇ ಬುಕ್‌ಮಾರ್ಕ್ ಇಡಬೇಕು. ಬರಿಯ ಹೈಪರ್‌ಲಿಂಕ್ ಪರದೆಯ ಮೇಲೆ ಓದುವವರಿಗೆ ಸೊಗಸು, ಕಾಗದ ಹಿಡಿದವರಿಗೆ ನಿರುಪಯೋಗಿ. ಅವರಿಗೆ ಬೇಕಾದದ್ದು ಪುಟಸಂಖ್ಯೆ.

ಕನ್ನಡದಲ್ಲಿ ಬರೆಯುವವರು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. 'ಚಿತ್ರ 4' ಎಂಬ ಫೀಲ್ಡಿನ ಹೊರಗೆ 'ರಲ್ಲಿ' ಎಂದು ಸೇರಿಸಿದರೆ, ಸಂಖ್ಯೆ ಐದಾದರೂ ಹದಿನೇಳಾದರೂ ಪ್ರತ್ಯಯ ಕೆಡುವುದಿಲ್ಲ. ಶೀರ್ಷಿಕೆಯ ಪಠ್ಯವನ್ನೇ ತಂದರೆ ಹಾಗಲ್ಲ: 'ಪೀಠಿಕೆ'ಗೆ 'ಯಲ್ಲಿ' ಹಚ್ಚಿದ್ದೆವು, ಮುಂದೆ ಆ ಶೀರ್ಷಿಕೆಯನ್ನು 'ಪ್ರವೇಶ' ಎಂದು ಬದಲಿಸಿದರೆ, ಫೀಲ್ಡ್ ನವೀಕರಣಗೊಂಡು 'ಪ್ರವೇಶಯಲ್ಲಿ' ಎಂಬ ತಪ್ಪು ರೂಪ ಉಳಿಯುತ್ತದೆ. ಹೀಗಾಗಿ ಕನ್ನಡಕ್ಕೆ ಸಂಖ್ಯೆಯ ಉಲ್ಲೇಖವೇ ಮೇಲು ಎಂಬುದು ನನ್ನ ಅಭಿಪ್ರಾಯ. ಶೀರ್ಷಿಕೆ ಬೇಕೇ ಬೇಕೆನಿಸಿದಾಗ ' "ಪೀಠಿಕೆ" ಎಂಬ ಭಾಗದಲ್ಲಿ' ಎಂದು ಬರೆದು, ಪ್ರತ್ಯಯವನ್ನು ಬದಲಾಗದ ಪದದ ಮೇಲೆ ಇಡಬೇಕು.