ಬೆಂಚಿನಲ್ಲಿ ಕೂತಿದ್ದ ಗೋಲ್‌ಕೀಪರ್ ಇಷ್ಟು ಒಳ್ಳೆಯ ಕೋಚ್ ಆಗಿದ್ದು ಹೇಗೆ?

ಓದುಗರ ಪ್ರಶ್ನೆ: ಫುಟ್‌ಬಾಲ್ ಕೋಚ್ ನುನೊ ಎಸ್ಪಿರಿಟೊ ಸಾಂಟೊ ಪೋರ್ಚುಗಲ್‌ನ ಹಿರಿಯರ ತಂಡಕ್ಕೆ ಒಂದೂ ಪಂದ್ಯ ಆಡಿಲ್ಲ. ಪೋರ್ಟೊ ಕ್ಲಬ್ಬಿನಲ್ಲೂ ಎರಡನೇ ಗೋಲ್‌ಕೀಪರ್. ಅಂಥವರು ಇಂಗ್ಲೆಂಡಿನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಇಷ್ಟು ಹೆಸರು ಮಾಡಿದ್ದು ಹೇಗೆ?

ನನ್ನ ಪ್ರಕಾರ ಉತ್ತರ ಬದಲಿ ಆಟಗಾರರು ಕೂರುವ ಆ ಬೆಂಚಿನಲ್ಲೇ ಇದೆ.

ನುನೊ ಹುಟ್ಟಿದ್ದು 1974ರಲ್ಲಿ, ಆಫ್ರಿಕಾದ ಪಕ್ಕದ ಸಾವೊ ಟೊಮೆ ಮತ್ತು ಪ್ರಿನ್ಸಿಪೆ ದ್ವೀಪಗಳಲ್ಲಿ. ಪೋರ್ಚುಗಲ್‌ನ ಗಿಮರೇಸ್ ಊರಿನ ಕ್ಲಬ್ಬಿನಲ್ಲಿ ಆಡುತ್ತಿದ್ದಾಗ ಜಾರ್ಜ್ ಮೆಂಡೆಸ್ ಪರಿಚಯವಾಯಿತು. ನುನೊರನ್ನು ಸ್ಪೇನ್‌ನ ಡೆಪೋರ್ಟಿವೊಗೆ ಕೊಡಿಸಿದ್ದೇ ಮೆಂಡೆಸ್ ಏಜೆಂಟ್ ಆಗಿ ಮಾಡಿದ ಮೊದಲ ದೊಡ್ಡ ವ್ಯವಹಾರ. ಆ ಸ್ನೇಹ ಮುಂದೆ ಎಷ್ಟೋ ಬಾಗಿಲು ತೆರೆಸಿತು ಅನ್ನೋದು ನಿಜ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಕೆಲಸ ಮಾಡಬೇಕಾದವರು ಅವರೇ ಅಲ್ವಾ?

2002ರಲ್ಲಿ ಪೋರ್ಟೊಗೆ ಬಂದರು. ಕೋಚ್ ಜೋಸೆ ಮೊರಿನ್ಯೊ. ಗೋಲಿನಲ್ಲಿ ವಿಟೋರ್ ಬಯಾ. ಬಯಾ ಇರುವಾಗ ಬೇರೆಯವರಿಗೆ ಜಾಗ ಎಲ್ಲಿ? 2003ರಲ್ಲಿ ಯುಇಎಫ್‌ಎ ಕಪ್, 2004ರಲ್ಲಿ ಚಾಂಪಿಯನ್ಸ್ ಲೀಗ್, ಯುರೋಪಿನ ಕ್ಲಬ್ಬುಗಳ ಈ ಎರಡೂ ಟೂರ್ನಿಗಳನ್ನು ಪೋರ್ಟೊ ಗೆದ್ದಾಗ ನುನೊ ಬೆಂಚಿನಲ್ಲಿದ್ದರು. ಪೋರ್ಚುಗೀಸ್ ಕಪ್‌ನಲ್ಲಿ ವಾರ್ಜಿಂ ತಂಡವನ್ನು 7-0ಯಿಂದ ಸೋಲಿಸಿದ ದಿನ ಒಂದು ಪೆನಾಲ್ಟಿ ಒದ್ದು ಗೋಲು ಹೊಡೆದದ್ದೂ ಇದೆ.

ಆದರೆ ನನಗೆ ಮರೆಯಲಾಗದ್ದು 2004ರ ಡಿಸೆಂಬರ್, ಜಪಾನಿನ ಯೊಕೊಹಾಮ. ಇಂಟರ್‌ಕಾಂಟಿನೆಂಟಲ್ ಕಪ್, ಅಂದರೆ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳ ಪಂದ್ಯ, ಎದುರಿಗೆ ಕೊಲಂಬಿಯಾದ ಒನ್ಸೆ ಕಾಲ್ಡಾಸ್. 90 ನಿಮಿಷ ಮುಗಿಯುತ್ತಾ ಬಂದರೂ ಸ್ಕೋರು 0-0. ಅಷ್ಟರಲ್ಲಿ ಬಯಾಗೆ ಎದೆ ಬಡಿತ ವಿಪರೀತ ಜಾಸ್ತಿಯಾಗಿ ಹೊರಗೆ ಹೋಗಬೇಕಾಯಿತು. ಅಷ್ಟು ಹೊತ್ತು ಕೂತಿದ್ದ ನುನೊ ಗ್ಲೌಸ್ ಹಾಕಿಕೊಂಡು ಒಳಗೆ ಬಂದರು. ಹೆಚ್ಚುವರಿ ಆಟದಲ್ಲೂ ಗೋಲಿಲ್ಲ. ಪೆನಾಲ್ಟಿಗಳು ಶುರುವಾಗಿ, 18ನೇ ಒದೆತದವರೆಗೂ ಎಳೆದಾಡಿ ಪೋರ್ಟೊ 8-7ರಿಂದ ಗೆದ್ದಿತು. ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಪ್ರತಿ ಪಂದ್ಯಕ್ಕೂ ಪೂರ್ತಿ ತಯಾರಾಗಿ ಕೂರೋದು ಎಷ್ಟು ಕಷ್ಟ, ಯೋಚಿಸಿ.

ಹಾಗೆ ಕೂತು ಅವರು ಆಟ ನೋಡಿದರು. ಗೋಲ್‌ಕೀಪರ್‌ಗೆ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ. ಯಾವ ಡಿಫೆಂಡರ್ ಎರಡು ಹೆಜ್ಜೆ ತಡ ಮಾಡಿದ, ಯಾರ ಬೆನ್ನ ಹಿಂದೆ ಜಾಗ ಬಿಟ್ಟುಹೋಯಿತು ಅಂತ ಕೂಗಿ ಹೇಳೋದೇ ಅವನ ಕೆಲಸ. ನುನೊ ಕಟ್ಟಿದ ತಂಡಗಳಲ್ಲಿ ಇದೇ ಕಾಣುತ್ತದೆ: ಸಾಲು ಬಿಗಿಯಾಗಿರಬೇಕು, ಬೇಕಾದರೆ ಚೆಂಡು ಎದುರಾಳಿ ಹತ್ತಿರವೇ ಇರಲಿ, ಸಿಕ್ಕ ಕೂಡಲೇ ಮುನ್ನುಗ್ಗಬೇಕು.

2010ರಲ್ಲಿ ಆಟ ಬಿಟ್ಟು, ತಮ್ಮ ಹಳೆಯ ಕೋಚ್ ಜೆಸುವಾಲ್ಡೊ ಫೆರೇರಾ ಜೊತೆ ಮಲಾಗ, ಪನಾಥಿನೈಕೋಸ್ ಕ್ಲಬ್ಬುಗಳಲ್ಲಿ ದುಡಿದರು. ಸ್ವಂತ ಜವಾಬ್ದಾರಿ ಸಿಕ್ಕಿದ್ದು 2012ರಲ್ಲಿ, ರಿಯೊ ಆವೆ ಎಂಬ ಸಣ್ಣ ಕ್ಲಬ್ಬಿನಲ್ಲಿ. 2014ರಲ್ಲಿ ಆ ತಂಡ ಪೋರ್ಚುಗಲ್‌ನ ಎರಡೂ ಕಪ್‌ಗಳ ಫೈನಲ್ ತಲುಪಿತು. ಎರಡರಲ್ಲೂ ಬೆನ್‌ಫಿಕಾ ಗೆದ್ದಿತು. ಆಮೇಲೆ ವೆಲೆನ್ಸಿಯಾ ಕ್ಲಬ್ಬನ್ನು ಸ್ಪೇನ್ ಲೀಗಿನಲ್ಲಿ ನಾಲ್ಕನೇ ಸ್ಥಾನಕ್ಕೆ ತಂದರು. ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿನಲ್ಲಿದ್ದ ವುಲ್ವ್ಸ್ ತಂಡವನ್ನು 99 ಪಾಯಿಂಟ್‌ಗಳೊಂದಿಗೆ ಪ್ರೀಮಿಯರ್ ಲೀಗ್‌ಗೆ ಏರಿಸಿ, ಅಲ್ಲಿ ಸತತ ಎರಡು ಸಲ ಏಳನೇ ಸ್ಥಾನ ಪಡೆದರು.

ಎಲ್ಲ ಕಡೆ ಹೀಗೇ ನಡೆಯಲಿಲ್ಲ. ಟಾಟನ್‌ಹ್ಯಾಮ್ ಅವರನ್ನು 17 ಪಂದ್ಯಗಳಿಗೇ ಕಳಿಸಿಬಿಟ್ಟಿತು. ಚೆಂಡು ಇಟ್ಟುಕೊಂಡು ಆಟ ಆಳಬೇಕಾದ ದೊಡ್ಡ ಕ್ಲಬ್ಬಿಗೆ ಅವರ ರೀತಿ ಹೊಂದಲಿಲ್ಲ ಅಂತ ನನಗನಿಸುತ್ತದೆ. ಆಮೇಲೆ ಸೌದಿಯ ಅಲ್-ಇತ್ತಿಹಾದ್‌ಗೆ ಲೀಗ್ ಗೆದ್ದುಕೊಟ್ಟರು. 2023ರ ಡಿಸೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ಮೊದಲ ಸೀಸನ್‌ನಲ್ಲಿ 17ನೇ ಸ್ಥಾನ ಪಡೆದು, ಕೆಳಗಿನ ಲೀಗಿಗೆ ಬೀಳದೆ ಹೇಗೋ ಉಳಿದುಕೊಂಡ ತಂಡ ಮರುವರ್ಷ ಏಳನೆಯದಾಯಿತು. ಅದರ ಗೋಲ್‌ಕೀಪರ್ ಮಾಟ್ಸ್ ಸೆಲ್ಸ್ 13 ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಫಾರೆಸ್ಟ್ ಬಿಟ್ಟ ನುನೊ ಅದೇ ತಿಂಗಳು ವೆಸ್ಟ್ ಹ್ಯಾಮ್ ಸೇರಿದರು.

ಫಾರೆಸ್ಟ್‌ನ ಒಂದು ಗೋಲಿನ ಬಗ್ಗೆ ಹೇಳಲೇಬೇಕು. 2024ರ ಸೆಪ್ಟೆಂಬರ್, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನ. ಅಲ್ಲಿ ಫಾರೆಸ್ಟ್ 1969ರಿಂದ ಗೆದ್ದೇ ಇರಲಿಲ್ಲ. ದ್ವಿತೀಯಾರ್ಧದಲ್ಲಿ ನುನೊ ಬೆಂಚಿನಿಂದ ಎಲಾಂಗಾ, ಹಡ್ಸನ್-ಒಡಾಯ್ ಇಬ್ಬರನ್ನೂ ಇಳಿಸಿದರು. ಎಲಾಂಗಾ ಮೈದಾನದ ಅಡ್ಡಕ್ಕೆ ಉದ್ದನೆಯ ಪಾಸ್ ಕೊಟ್ಟ. ಹಡ್ಸನ್-ಒಡಾಯ್ ಎಡಗಡೆಯಿಂದ ಒಳಕ್ಕೆ ತಿರುಗಿ, ಬಲಗಾಲಿನಲ್ಲಿ ಚೆಂಡನ್ನು ಬಾಗಿಸಿ ಗೋಲಿನ ದೂರದ ಮೂಲೆಗೆ ಹಾಕಿದ. ಫಾರೆಸ್ಟ್ 1, ಲಿವರ್‌ಪೂಲ್ 0.