ಹಳೇ ಚೈನ್ ಸಾ ಸೈಲೆನ್ಸರ್ ಬಿಚ್ಚಿ ದೊಡ್ಡ ತೂತು ಮಾಡಿದರೆ ಪವರ್ ಬರುತ್ತದಾ?

ಪ್ರಶ್ನೆ: ಅಪ್ಪನ ಕಾಲದ 61 ಸಿಸಿ ಚೈನ್ ಸಾ ಇದೆ. ಸ್ಟಾರ್ಟ್ ಸರಿಯಾಗಿಯೇ ಆಗುತ್ತದೆ. ಆದರೆ ದಪ್ಪ ಅಕೇಶಿಯಾ ದಿಮ್ಮಿಗೆ ಇಟ್ಟರೆ ಮೊದಲಿನ ದಮ್ಮು ಇಲ್ಲ. ಸೈಲೆನ್ಸರ್ ತೂತು ದೊಡ್ಡದು ಮಾಡಿ ಕಾರ್ಬರೇಟರ್ ಟ್ಯೂನ್ ಮಾಡಿಸಿ, ಹೊಸ ಮಿಷನ್ ಥರ ಆಗುತ್ತದೆ ಅನ್ನುತ್ತಾರೆ. ಮಾಡಿಸಬಹುದಾ?

ಮಾಡಿಸಬಹುದು. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹಳೇ ಮಿಷನ್‌ನಲ್ಲಿ ಇದ್ದ ಪವರ್ರೇ ಎಲ್ಲೋ ಸೋರಿ ಹೋಗಿರುತ್ತದೆ. ಅದು ಎಲ್ಲಿ ಅಂತ ನೋಡದೆ ಸೈಲೆನ್ಸರ್‌ಗೆ ಡ್ರಿಲ್ ಇಟ್ಟರೆ ನಾಲ್ಕು ದಿನ ಸದ್ದು ಜೋರಾಗಿರುತ್ತದೆ, ಆಮೇಲೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಬಿಸಿಗೆ ಸಿಲಿಂಡರ್‌ಗೆ ಕಚ್ಚಿ ನಿಲ್ಲುತ್ತದೆ.

ಮೊದಲು ಚೈನ್ ನೋಡಿ. ಸುಮ್ನೆ ಹೇಳುತ್ತಿಲ್ಲ. ಕೊಯ್ಯುವಾಗ ಚಕ್ಕೆ ಚಕ್ಕೆಯಾಗಿ ಬೀಳುತ್ತಿದೆಯಾ, ಹಿಟ್ಟಿನಂಥ ಪುಡಿ ಬರುತ್ತಿದೆಯಾ? ಪುಡಿ ಬರುತ್ತಿದ್ದರೆ ಹಲ್ಲು ಮೊಂಡಾಗಿದೆ, ಇಂಜಿನ್ ಬಗ್ಗೆ ಯೋಚಿಸುವುದೇ ಬೇಡ. ಈಗ ನಾವು ಬಳಸುವ ಚೈನಿನ ಹಲ್ಲನ್ನು 1940ರ ದಶಕದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನುವ ಮರ ಕಡಿಯುವವರು ರೂಪಿಸಿದರು. ಮರ ಕೊರೆಯುವ ಒಂದು ದುಂಬಿಯ ಮರಿಹುಳು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಾ ಮರ ತಿನ್ನುವುದನ್ನು ನೋಡಿ ಹೊಳೆದ ಉಪಾಯ ಅದು. ಈ ಎಡ-ಬಲದ ಲೆಕ್ಕ ಇವತ್ತಿಗೂ ಹಾಗೇ ಇದೆ. ಎಡಗಡೆ ಹಲ್ಲು ಉದ್ದ, ಬಲಗಡೆಯದು ಗಿಡ್ಡ ಆಗುವ ಹಾಗೆ ಅರ ಹಾಕಿದರೆ ಕೊಯ್ತ ಒಂದು ಕಡೆಗೆ ವಾಲುತ್ತದೆ, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಸಿಕ್ಕಿಕೊಳ್ಳುತ್ತದೆ, ಆಗ ಮಿಷನ್‌ಗೆ ದಮ್ಮಿಲ್ಲ ಅನಿಸುತ್ತದೆ. 3/8 ಇಂಚು ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ) ಚೈನ್‌ಗೆ 5.2 ಅಥವಾ 5.5 ಮಿ.ಮೀ. ದುಂಡು ಅರ, .325 ಚೈನ್‌ಗೆ 4.8. ಹಲ್ಲಿನ ಮುಂದೆ ಇರುವ ಗುಬ್ಬಿಯನ್ನು, ಅಂದರೆ ಡೆಪ್ತ್ ಗೇಜನ್ನು, ಬಹಳ ಜನ ಮುಟ್ಟುವುದೇ ಇಲ್ಲ. ಹಲ್ಲು ಸವೆದಂತೆ ಅದನ್ನೂ ತಗ್ಗಿಸಬೇಕು, ಸಾಮಾನ್ಯವಾಗಿ ಹಲ್ಲಿನ ತುದಿಗಿಂತ 0.65 ಮಿ.ಮೀ. ಕೆಳಗೆ ಇರಬೇಕು. ಎತ್ತರ ಇದ್ದರೆ ಹಲ್ಲು ಎಷ್ಟು ಹರಿತ ಇದ್ದರೂ ಮರಕ್ಕೆ ಕಚ್ಚುವುದಿಲ್ಲ. ತೀರಾ ತಗ್ಗಿಸಿದರೆ ಮಿಷನ್ ಎಗರುತ್ತದೆ, ಅದು ಅಪಾಯ. ಬಾರ್ ಉದ್ದವೂ ನೋಡಿ. 60 ಸಿಸಿ ಮಿಷನ್‌ಗೆ 24 ಇಂಚಿನ ಬಾರ್ ಹಾಕಿ ಗಟ್ಟಿ ಮರದಲ್ಲಿ ಪೂರ್ತಿ ಹೂತು ಕೊಯ್ದರೆ ಯಾವ ಟ್ಯೂನಿಂಗೂ ಸಾಲುವುದಿಲ್ಲ. 18 ಇಂಚಿಗೆ ಇಳಿಸಿ, ಅಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು ರಬ್ಬರ್. ಪೆಟ್ರೋಲ್ ಪೈಪ್, ಟ್ಯಾಂಕ್ ಒಳಗಿನ ಫಿಲ್ಟರ್, ಕಾರ್ಬರೇಟರ್ ಡಯಾಫ್ರಂ, ಕಾರ್ಬರೇಟರ್‌ಗೂ ಸಿಲಿಂಡರ್‌ಗೂ ನಡುವಿನ ರಬ್ಬರ್ ಬೂಟ್, ಕ್ರ್ಯಾಂಕ್‌ನ ಎರಡು ಆಯಿಲ್ ಸೀಲ್. ಇಪ್ಪತ್ತು ವರ್ಷದಲ್ಲಿ ಇವು ಗಟ್ಟಿಯಾಗಿ ಬಿರುಕು ಬಿಡದಿದ್ದರೇ ಆಶ್ಚರ್ಯ. ಅದರ ಮೇಲೆ ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೇ ಮಿಷನ್‌ನ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಬಿಟ್ಟರೆ ಕಾರ್ಬರೇಟರ್ ಒಳಗೆ ತುಕ್ಕು, ಪಾಚಿಯಂಥ ಗಸಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಹಾಗಾಗಿ ಹತ್ತು ವರ್ಷದ ಹಿಂದೆ ಸರಿಯಾಗಿ ಟ್ಯೂನ್ ಆಗಿದ್ದ ಮಿಷನ್‌ಗೆ ಇವತ್ತಿನ ಪೆಟ್ರೋಲ್ ಹಾಕಿದರೆ, ಸ್ಕ್ರೂ ಮುಟ್ಟದಿದ್ದರೂ, ಅದು ಸ್ವಲ್ಪ ಲೀನ್ ಓಡುತ್ತದೆ.

ಲೀನ್ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಇದೇ ಇಡೀ ವಿಷಯದ ಮೂಲ, ಸ್ವಲ್ಪ ನಿಧಾನವಾಗಿ ಓದಿ. ಟೂ ಸ್ಟ್ರೋಕ್ ಇಂಜಿನ್‌ಗೆ ಆಯಿಲ್ ಹೋಗುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆ ಆದರೆ ಆಯಿಲ್ ಕಡಿಮೆ, ತಂಪೂ ಕಡಿಮೆ. ಮೋಸ ಎಲ್ಲಿದೆ ಅಂದರೆ, ಲೀನ್ ಆದ ಮಿಷನ್ ಕೇಳಲು ಬಹಳ ಚೆನ್ನಾಗಿರುತ್ತದೆ. ಸದ್ದು ಚೂಪಾಗಿ, ಕಿರ್ ಅಂತ ಮೇಲೆ ಹೋಗುತ್ತದೆ, ರೇಸ್ ಕೊಟ್ಟ ತಕ್ಷಣ ಹಾರುತ್ತದೆ. ನೋಡುವವರು ಭೇಷ್ ಅನ್ನುತ್ತಾರೆ. ಅದೇ ಹೊತ್ತಲ್ಲಿ ಒಳಗೆ ಪಿಸ್ಟನ್ ಸೈಲೆನ್ಸರ್ ಕಡೆಯ ಮೈ ಗೀರುತ್ತಿರುತ್ತದೆ.

ಗಾಳಿ ಸೋರುತ್ತಿದೆಯಾ ಅಂತ ಅಂದಾಜು ಮಾಡಲು ಮಿಷನ್ ಬಿಸಿ ಮಾಡಿ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ, ಬಿಡಿ. ಐಡಲ್ ತಾನಾಗಿ ಏರಿಳಿದರೆ, ರೇಸ್ ಬಿಟ್ಟ ಮೇಲೆ ಕೆಳಗೆ ಬರಲು ತಡ ಮಾಡಿದರೆ, ಮಿಷನ್ ಪಕ್ಕಕ್ಕೆ ವಾಲಿಸಿದಾಗ ಸದ್ದು ಬದಲಾದರೆ, ಸೀಲ್ ಅಥವಾ ಬೂಟ್ ಮೇಲೆ ಅನುಮಾನ ಪಡಿ. ಒಳ್ಳೇ ಮೆಕ್ಯಾನಿಕ್ ಹತ್ತಿರ ಪ್ರೆಶರ್ ಮತ್ತು ವ್ಯಾಕ್ಯೂಮ್ ಟೆಸ್ಟ್ ಮಾಡುವ ಕೈಪಂಪ್ ಇರುತ್ತದೆ, ಎರಡೂ ಟೆಸ್ಟ್ ಮಾಡಿಸಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕೂಡ ಅಲ್ಲೇ ಅಳೆಸಿ. 150 ಪಿಎಸ್ಐ ಹತ್ತಿರ ಇದ್ದರೆ ಆರೋಗ್ಯ ಚೆನ್ನಾಗಿದೆ. 100ರ ಹತ್ತಿರಕ್ಕೆ ಇಳಿದಿದ್ದರೆ ರಿಂಗ್, ಪಿಸ್ಟನ್ ನೋಡದೆ ಬೇರೆ ಏನೂ ಮಾಡಬೇಡಿ.

ಇಷ್ಟೆಲ್ಲ ಸರಿ ಇದೆ ಅಂದುಕೊಳ್ಳೋಣ. ಈಗ ಸೈಲೆನ್ಸರ್. ಬಹಳ ಮಿಷನ್‌ಗಳಲ್ಲಿ ಎರಡು ಮೂರು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಬಿಚ್ಚಿದ ಮೇಲೆ ಸಿಲಿಂಡರ್‌ನಿಂದ ಹೊಗೆ ಹೊರಬರುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಉದ್ದುದ್ದ ಗೀರು ಕಂಡರೆ ಅಲ್ಲಿಗೇ ನಿಲ್ಲಿಸಿ. ನುಣ್ಣಗಿದ್ದರೆ ಕಿಂಡಿಯ ಸುತ್ತ ಕಟ್ಟಿದ ಕರಿಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಕೆರೆಯುವಾಗ ಪಿಸ್ಟನ್ ಕಿಂಡಿಯನ್ನು ಮುಚ್ಚಿರಬೇಕು, ಇಲ್ಲದಿದ್ದರೆ ಚೂರು ಒಳಗೆ ಬೀಳುತ್ತದೆ. ಸೈಲೆನ್ಸರ್ ಬಾಯಲ್ಲಿ ಕಿಡಿ ತಡೆಯುವ ಒಂದು ಜಾಲರಿ ಇರಬಹುದು. ಅದು ಕರಿ ಕಟ್ಟಿ ಅರ್ಧ ಮುಚ್ಚಿದ್ದರೆ ನೀವು ಹುಡುಕುತ್ತಿದ್ದ ಪವರ್ ಅಲ್ಲೇ ಸಿಕ್ಕಿತು. ಬ್ರಷ್ ಹಾಕಿ ತೊಳೆದು ವಾಪಸ್ ಹಾಕಿ.

ತೂತು ದೊಡ್ಡದು ಮಾಡುವುದರಿಂದ ಲಾಭ ಇದೆ, ಅದರ ಲೆಕ್ಕ ಸರಳ. ಟೂ ಸ್ಟ್ರೋಕ್‌ನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಗಾಳಿ-ಪೆಟ್ರೋಲ್ ಒಳಗೆ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹೊಗೆಗೆ ದಾರಿ ಇಕ್ಕಟ್ಟಾದರೆ ಹೊಸದಕ್ಕೆ ಜಾಗ ಇರುವುದಿಲ್ಲ. ಆದರೆ ನಿಜವಾಗಿ ಹಳೇ ಮಿಷನ್‌ಗಳ ಸೈಲೆನ್ಸರ್ ಬಹಳ ಸಲ ಮೊದಲೇ ಸಡಿಲವಾಗಿಯೇ ಇರುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಹೊಗೆ ನಿಯಮಗಳು ಬಂದ ಮೇಲೆ ತಯಾರಾದ ಮಾಡೆಲ್‌ಗಳಲ್ಲೇ ಬಾಯಿ ಬಿಗಿ ಮಾಡಿದ್ದು ಜಾಸ್ತಿ, ದೊಡ್ಡದು ಮಾಡಿದಾಗ ಎದ್ದು ಕಾಣುವ ಲಾಭವೂ ಅವುಗಳಲ್ಲೇ. ಸ್ಟಿಲ್ ಕಂಪನಿಯ 070ಯಂಥ ನೂರು ಸಿಸಿ ದಾಟಿದ ಹಳೇ ಆನೆಗಳು ನಿಧಾನ ತಿರುಗಿ ಬಲದಿಂದ ಕೊಯ್ಯಲು ಮಾಡಿದವು, ಅವನ್ನು ದಯವಿಟ್ಟು ಹಾಗೇ ಬಿಡಿ.

ದೊಡ್ಡದು ಮಾಡುವುದಾದರೆ ಹೊರಗಿನ ತೂತಿನ ಒಟ್ಟು ವಿಸ್ತೀರ್ಣ ಸಿಲಿಂಡರ್ ಕಿಂಡಿಯ ಮುಕ್ಕಾಲು ಭಾಗ ದಾಟದಿರಲಿ. ಸೈಲೆನ್ಸರ್ ಇಂಜಿನ್‌ಗೆ ಕೂರಿಸಿಕೊಂಡು ಡ್ರಿಲ್ ಮಾಡಲೇಬೇಡಿ, ಕಬ್ಬಿಣದ ಪುಡಿ ಸಿಲಿಂಡರ್‌ಗೆ ಹೋಗುತ್ತದೆ. ಹೊಸ ತೂತಿನ ಬಿಸಿ ಹೊಗೆ ಪ್ಲಾಸ್ಟಿಕ್ ಕವರ್, ಟ್ಯಾಂಕ್, ನಿಮ್ಮ ಕೈ ಕಡೆಗೆ ಬರಬಾರದು. ಜಾಲರಿ ತೆಗೆಯಬೇಡಿ, ಮಾರ್ಚ್-ಏಪ್ರಿಲ್‌ನಲ್ಲಿ ತೋಟದಲ್ಲಿ ತರಗು ಹೇಗೆ ಒಣಗಿರುತ್ತದೆ ನಿಮಗೇ ಗೊತ್ತು, ಒಂದು ಕಿಡಿ ಸಾಕು. ಸದ್ದೂ ಏರುತ್ತದೆ. ಮೊದಲೇ 110 ಡೆಸಿಬೆಲ್ ಸುತ್ತಮುತ್ತ ಇರುವ ಮಿಷನ್ ಇದು. ಕಿವಿಗೆ ಇಯರ್ ಮಫ್ ಇಲ್ಲದೆ ಕೆಲಸದವರ ಕೈಗೆ ಕೊಡಬೇಡಿ.

ಆಮೇಲೆ ಕಾರ್ಬರೇಟರ್, ತಪ್ಪಿಸುವ ಹಾಗೇ ಇಲ್ಲ. ಹೊಗೆ ಸಲೀಸಾಗಿ ಹೋದರೆ ಒಳಗೆ ಗಾಳಿ ಜಾಸ್ತಿ ಬರುತ್ತದೆ, ಮಿಷನ್ ಲೀನ್ ಆಗುತ್ತದೆ, ಪೆಟ್ರೋಲ್ ಜಾಸ್ತಿ ಕೊಡಲೇಬೇಕು. ಕೊಡಲು ಎಚ್ ಸ್ಕ್ರೂ, ಅಂದರೆ ಪೂರ್ತಿ ರೇಸ್‌ನಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸ್ಕ್ರೂ, ಬೇಕು. ಸ್ಟಿಲ್ ಎಂಎಸ್ 180 ಥರದ ಕೆಲವು ಸಣ್ಣ ಮಿಷನ್‌ಗಳ ಎಷ್ಟೋ ಕಾರ್ಬರೇಟರ್‌ಗಳಲ್ಲಿ ಎಚ್ ಸ್ಕ್ರೂವೇ ಇರುವುದಿಲ್ಲ. ಅಂಥದಕ್ಕೆ ಸೈಲೆನ್ಸರ್ ಮುಟ್ಟಬೇಡಿ, ಅಷ್ಟೇ.

ಟ್ಯೂನ್ ಮಾಡುವ ಮೊದಲು ಏರ್ ಫಿಲ್ಟರ್ ತೊಳೆಯಿರಿ, ಹೊಸದಾಗಿ ಬೆರೆಸಿದ ಪೆಟ್ರೋಲ್ ಹಾಕಿ. ಒಳ್ಳೇ ಟೂ ಸ್ಟ್ರೋಕ್ ಆಯಿಲ್ ಆದರೆ 50:1, ಅಂದರೆ ಲೀಟರ್‌ಗೆ 20 ಎಂಎಲ್. ನಿಮ್ಮ ಮಿಷನ್‌ನ ಪುಸ್ತಕ 25:1 ಅಂದಿದ್ದರೆ ಅದನ್ನೇ ಪಾಲಿಸಿ. ಎಲ್ (ಐಡಲ್‌ನ ಪೆಟ್ರೋಲ್ ಹೊಂದಿಸುವುದು) ಮತ್ತು ಎಚ್ ಸ್ಕ್ರೂ ಎರಡನ್ನೂ ಮೆಲ್ಲಗೆ ಪೂರ್ತಿ ಮುಚ್ಚಿ (ಬಿಗಿ ಮಾಡಿದರೆ ತುದಿ ಹಾಳು), ಒಂದೊಂದು ಸುತ್ತು ಬಿಚ್ಚಿ. ಬಹುಪಾಲು ಮಿಷನ್ ಇದರಲ್ಲಿ ಸ್ಟಾರ್ಟ್ ಆಗುತ್ತದೆ. ಚೆನ್ನಾಗಿ ಬಿಸಿ ಆಗಲಿ. ಐಡಲ್‌ನಲ್ಲಿ ಎಲ್ ಸ್ಕ್ರೂವನ್ನು ಆಚೆ ಈಚೆ ತಿರುಗಿಸಿ, ಸದ್ದು ಅತಿ ಹೆಚ್ಚು ಏರುವ ಜಾಗ ಹುಡುಕಿ, ಅಲ್ಲಿಂದ ಒಂದು ಚೂರು ಬಿಚ್ಚಿ. ರೇಸ್ ಕೊಟ್ಟರೆ ತಡವರಿಸಬಾರದು. ಆಮೇಲೆ ಐಡಲ್ ವೇಗ ಹೊಂದಿಸುವ ಎಲ್‌ಎ ಸ್ಕ್ರೂನಿಂದ ಐಡಲ್ ಇಳಿಸಿ, ಚೈನ್ ಪೂರ್ತಿ ನಿಲ್ಲಬೇಕು.

ಎಚ್ ಸ್ಕ್ರೂಗೆ ಕಿವಿ ಬೇಕು. ಪೂರ್ತಿ ರೇಸ್ ಕೊಟ್ಟಾಗ, ಮರಕ್ಕೆ ಇಡದೆ, ಸದ್ದು ಶುದ್ಧವಾಗಿ ಇರಬಾರದು. ಬುರ್ರ್ ಬುರ್ರ್ ಅಂತ ತುಸು ಒಡೆದ ಸದ್ದು ಬರಬೇಕು. ಮೆಕ್ಯಾನಿಕ್‌ಗಳು ಇದನ್ನು ಫೋರ್ ಸ್ಟ್ರೋಕ್ ಹೊಡೆಯುವುದು ಅನ್ನುತ್ತಾರೆ. ಮರಕ್ಕೆ ಇಟ್ಟ ಕೂಡಲೇ ಆ ಒಡಕು ಹೋಗಿ ಸದ್ದು ಸ್ವಚ್ಛ ಆಗಬೇಕು, ಎತ್ತಿದ ಕೂಡಲೇ ಮತ್ತೆ ಬರಬೇಕು. ಅದೇ ಸರಿಯಾದ ಜಾಗ. ಮರದಲ್ಲೂ ಬುರ್ರ್ ಅಂದರೆ ಪೆಟ್ರೋಲ್ ಜಾಸ್ತಿ, ಸ್ವಲ್ಪ ಮುಚ್ಚಿ. ಮೇಲೆ ಎತ್ತಿದಾಗಲೂ ಕಿರ್ ಅಂದರೆ ತಕ್ಷಣ ಬಿಚ್ಚಿ. ಖಾಲಿ ಪೂರ್ತಿ ರೇಸ್ ಮೂರು ನಾಲ್ಕು ಸೆಕೆಂಡ್ ಮೇಲೆ ಹಿಡಿಯಬೇಡಿ. ಟ್ಯಾಕೋಮೀಟರ್ ಇದ್ದರೆ ಇನ್ನೂ ಒಳ್ಳೇದು, ಪುಸ್ತಕದಲ್ಲಿ ಕೊಟ್ಟ ಗರಿಷ್ಠ ಆರ್‌ಪಿಎಂ ಮೀರಬಾರದು. ಕೆಲವು ಹಳೇ ಕಾರ್ಬರೇಟರ್‌ಗಳಲ್ಲಿ ವೇಗ ಮಿತಿ ಮೀರದಂತೆ ತಡೆಯುವ ಗವರ್ನರ್ ಇರುತ್ತದೆ, ಸ್ಕ್ರೂ ಲೀನ್ ಇದ್ದರೂ ಅದೇ ಒಡಕು ಸದ್ದು ಬರುತ್ತದೆ, ಅಲ್ಲಿ ಕಿವಿ ನಂಬಿದರೆ ಮೋಸ ಹೋಗುತ್ತೀರಿ.

ನಮ್ಮ ಕಡೆಯವರಿಗೆ ಒಂದು ಮುಖ್ಯ ಮಾತು. ಮಡಿಕೇರಿ ಸಮುದ್ರಕ್ಕಿಂತ 1,100 ಮೀಟರ್‌ಗೂ ಮೇಲೆ ಇದೆ, ಅಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಅಲ್ಲಿ ಟ್ಯೂನ್ ಮಾಡಿದ ಮಿಷನ್ ಘಾಟಿ ಇಳಿಸಿ ಪುತ್ತೂರು, ಬೆಳ್ತಂಗಡಿಗೆ ತಂದು ಕೆಲಸಕ್ಕೆ ಇಟ್ಟರೆ ಲೀನ್ ಆಗುತ್ತದೆ. ಘಟ್ಟ ಇಳಿದಾಗೆಲ್ಲ ಎಚ್ ಸ್ಕ್ರೂ ಮತ್ತೆ ನೋಡಲೇಬೇಕು.

ಸಿಲಿಂಡರ್ ಕಿಂಡಿ ಗ್ರೈಂಡ್ ಮಾಡುವುದು, ಅಡಿಯ ಪ್ಯಾಕಿಂಗ್ ತೆಗೆದು ಕಂಪ್ರೆಷನ್ ಏರಿಸುವುದು, ಫ್ಲೈವೀಲ್ ಕೀ ಅರೆದು ಟೈಮಿಂಗ್ ಮುಂದೆ ತರುವುದು, ಇವೆಲ್ಲ ಪಂದ್ಯದ ಮಿಷನ್‌ಗೆ ಸರಿ. ತೋಟದ ಮಿಷನ್‌ಗೆ ನಾನು ಬೇಡ ಅನ್ನುತ್ತೇನೆ. ಸಿಲಿಂಡರ್ ಒಳಗಿನ ಲೇಪ ಕೂದಲಿನಷ್ಟು ತೆಳು, ಅಂಚಲ್ಲಿ ಒಮ್ಮೆ ಎದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ, ಬೋರ್ ಮಾಡಿಸುವ ದಾರಿಯೂ ಇಲ್ಲ. ಇನ್ನು ನಿಮ್ಮ ಮಿಷನ್‌ಗೆ ಚೈನ್ ಬ್ರೇಕ್ ಇದೆಯಾ ನೋಡಿ. 1970ರ ದಶಕದ ಮೊದಲಿನ ಮಿಷನ್‌ಗಳಲ್ಲಿ ಇರಲಿಲ್ಲ. ಬ್ರೇಕ್ ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಮಿಷನ್‌ನ ವೇಗ ಏರಿಸುವ ಮಾತೇ ಬೇಡ.

ಎಲ್ಲ ಆದ ಮೇಲೆ ಒಂದು ಟ್ಯಾಂಕ್ ಪೆಟ್ರೋಲ್ ಸಾಧಾರಣ ದಪ್ಪದ ಮರದಲ್ಲಿ ಮುಗಿಸಿ, ಪ್ಲಗ್ ಬಿಚ್ಚಿ ನೋಡಿ. ಕಾಫಿ ಪುಡಿ ಬಣ್ಣ ಇದ್ದರೆ ಹಾಗೇ ಓಡಿಸಿ. ಒದ್ದೆ ಕಪ್ಪು ಇದ್ದರೆ ಎಚ್ ಸ್ಕ್ರೂ ಎಂಟನೇ ಒಂದು ಸುತ್ತು ಮುಚ್ಚಿ. ಬೂದಿ ಬಿಳುಪು ಇದ್ದರೆ ಅಷ್ಟೇ ಬಿಚ್ಚಿ, ಆದರೂ ಬಿಳುಪು ಹೋಗದಿದ್ದರೆ ಮಿಷನ್ ನಿಲ್ಲಿಸಿ ಗಾಳಿ ಎಲ್ಲಿ ಸೋರುತ್ತಿದೆ ಅಂತ ಮತ್ತೆ ಹುಡುಕಿಸಿ.