ಹದ್ದು ಕಣ್ಣಿಗೆ ಬೀಳದಿದ್ದರೇ ಒಳ್ಳೆಯ ಆಸ್ಪತ್ರೆ

ಆಷಾಢದ ಗಾಳಿ ಎದ್ದಿತೆಂದರೆ ಬೆಂಗಳೂರಿನ ವನ್ಯಜೀವಿ ಆರೈಕೆ ಕೇಂದ್ರಗಳಿಗೆ ಮಾಂಜಾ, ಅಂದರೆ ಗಾಜಿನ ಪುಡಿ ಮೆತ್ತಿದ ಪಟದ ದಾರ, ಸುತ್ತಿಕೊಂಡ ಹದ್ದುಗಳು ಬರತೊಡಗುತ್ತವೆ. ಪಟ ಹಾರಿಸುವ ಕಾಲ ಮುಗಿದರೂ ದಾರ ಮರದ ತುದಿಯಲ್ಲೇ ಉಳಿಯುವುದರಿಂದ ಉಳಿದ ತಿಂಗಳುಗಳಲ್ಲೂ ಕಾಟ ತಪ್ಪಿದ್ದಲ್ಲ. ಹಕ್ಕಿಯನ್ನು ತಂದುಕೊಟ್ಟವರು ವಾರ ಕಳೆದ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದು, ‘ನಮ್ಮ ಹದ್ದನ್ನು ಒಂದ್ಸಲ ನೋಡಬಹುದಾ?’ ಎನ್ನುತ್ತಾರೆ. ಬೇಡ ಎಂದರೆ ಮುಖ ಸಣ್ಣದಾಗುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬೇಡ ಎನ್ನುವುದಕ್ಕೆ ಗಟ್ಟಿ ಕಾರಣವಿದೆ, ಅದು ಗರಿಯಲ್ಲಿದೆ.

ಕಾಡುಹಕ್ಕಿಗೆ ಮನುಷ್ಯ ಎಂದರೆ ತನ್ನನ್ನು ತಿನ್ನಬರುವ ಪ್ರಾಣಿ. ಅಪರಿಚಿತ ಮುಖ ಕಂಡೊಡನೆ ಹದ್ದು ಗೂಡಿನ ಗೋಡೆಗೆ ಹಾರಿ ಬಡಿಯುತ್ತದೆ. ಒಂದೆರಡು ಸಲ ಹೀಗಾದರೆ ಬಾಲದ ಗರಿಗಳು ಮುರಿಯುತ್ತವೆ, ರೆಕ್ಕೆಯ ಮಣಿಕಟ್ಟು ಸುಲಿಯುತ್ತದೆ. ಮುರಿದ ಗರಿ ಉಗುರಿನಂತೆ ಬೆಳೆಯುವುದಿಲ್ಲ. ಅದರ ಬುಡ ಉದುರಿ ಹೊಸದು ಬರಬೇಕು, ಅದಕ್ಕೆ ವರ್ಷಕ್ಕೊಮ್ಮೆಯ ಗರಿ ಉದುರುವ ಕಾಲವನ್ನೇ ಕಾಯಬೇಕು. ಗಾಯ ಮೂರು ವಾರದಲ್ಲಿ ಮಾಗಿದ ಹಕ್ಕಿ ಬರೀ ಗರಿಗಾಗಿ ತಿಂಗಳುಗಟ್ಟಲೆ ಒಳಗೇ ಕೂರುವುದು ಹೀಗೆ. ಅದಕ್ಕೇ ದಾಖಲಾದ ದಿನವೇ ಬಾಲಕ್ಕೆ ಹಳೆಯ ಎಕ್ಸ್‌ರೇ ಫಿಲ್ಮಿನ ಕವಚ ಕಟ್ಟುತ್ತಾರೆ.

ಕಾಯಲಾಗದಿದ್ದರೆ ಗರಿ ಕಸಿ ಮಾಡಬಹುದು. ಅದೇ ಜಾತಿಯ ಹಕ್ಕಿ ಉದುರಿಸಿದ, ಅದೇ ಕಡೆಯ ರೆಕ್ಕೆಯ, ಅದೇ ಸಂಖ್ಯೆಯ ಗರಿ ಬೇಕು. ಹದ್ದಿನ ಪ್ರತಿ ರೆಕ್ಕೆಯ ತುದಿಯಲ್ಲಿ 10 ದೊಡ್ಡ ಗರಿಗಳಿವೆ. ಏಳನೆಯದರ ಜಾಗಕ್ಕೆ ಏಳನೆಯದೇ. ಹಕ್ಕಿಗೆ ಅರಿವಳಿಕೆ ಕೊಟ್ಟು, ಮುರಿದ ಗರಿಯ ಟೊಳ್ಳು ದಂಟನ್ನು ಚರ್ಮದಿಂದ ತುಸು ಮೇಲೆ ನೇರವಾಗಿ ಕತ್ತರಿಸುತ್ತಾರೆ. ಬಿದಿರಿನ ಸೀಳನ್ನು ಹೆರೆದು ಅರ್ಧ ಈ ದಂಟಿಗೆ, ಅರ್ಧ ಹೊಸ ಗರಿಗೆ ತೂರಿಸಿ ಅಂಟು ಹಾಕುತ್ತಾರೆ. ಸೀಳು ದುಂಡಗಿದ್ದರೆ ಗರಿ ತಿರುಗಿಬಿಡುತ್ತದೆ, ಹಾಗಾಗಿ ಮೂರು ಇಲ್ಲವೆ ನಾಲ್ಕು ಮೂಲೆ ಉಳಿಸಿ ಹೆರೆಯಬೇಕು. ಅಂಟು ಪಕ್ಕದ ಗರಿಗೆ ತಾಗದಂತೆ ಕೆಳಗೊಂದು ಕಾಗದದ ಚೂರು. ಒಳಗೆ ಇನ್ನೂ ರಕ್ತ ಹರಿಯುತ್ತಿರುವ ಎಳೆಯ ಗರಿಗೆ ಮಾತ್ರ ಕತ್ತರಿ ಹಾಕುವಂತಿಲ್ಲ.

ಮಾಂಜಾ ಗಾಯ ಹೆಚ್ಚಾಗಿ ಆಗುವುದು ಭುಜದಿಂದ ಮಣಿಕಟ್ಟಿಗೆ ಎಳೆದಂತಿರುವ ತೆಳು ಚರ್ಮದ ಪದರದಲ್ಲಿ. ಅದರ ಮುಂದಿನ ಅಂಚಿನಲ್ಲಿ ಒಂದು ಸ್ನಾಯುರಜ್ಜು ಇದೆ. ಚರ್ಮ ಮಾತ್ರ ಹರಿದಿದ್ದರೆ ಹೊಲಿಯಬಹುದು. ರಜ್ಜು ತುಂಡಾಗಿ, ಮೂಳೆ ಹೊರಬಂದು ಒಣಗಿದ್ದರೆ ಹಕ್ಕಿ ಮತ್ತೆ ಹಾರುವುದು ಬಹುತೇಕ ಆಗದ ಮಾತು. ಅಂಥವಕ್ಕೆ ದಯಾಮರಣ ಕೊಡುವುದೂ ಈ ಕೆಲಸದ ಭಾಗ. ಗಾಯಕ್ಕಿಂತ ಅದು ಒಣಗುವುದೇ ದೊಡ್ಡ ಶತ್ರು. ಹಕ್ಕಿ ಸಿಕ್ಕಾಗ ದಾರವನ್ನು ಎಳೆಯಬೇಡಿ, ಒಂದು ಗೇಣು ಬಿಟ್ಟು ಎರಡೂ ಕಡೆ ಕತ್ತರಿಸಿ, ಗಾಯದೊಳಗಿರುವುದನ್ನು ಅಲ್ಲೇ ಬಿಡಿ. ಅರಿಶಿನ, ಮುಲಾಮು ಏನನ್ನೂ ಹಚ್ಚಬೇಡಿ.

ಹಿಡಿಯುವಾಗ ದಪ್ಪ ಟವೆಲ್ ತಲೆಯ ಮೇಲಿಂದ ಹೊದಿಸಿ, ಮೊದಲು ಕಾಲುಗಳನ್ನು ಹಿಡಿತಕ್ಕೆ ತನ್ನಿ. ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ, ಗಾಯ ಮಾಡುವುದು ಉಗುರು. ಎದೆಯನ್ನು ಅಮುಕಬಾರದು. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯುವಿನ ಪದರ, ಇಲ್ಲ; ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಬಿಗಿಯಾಗಿ ಅಪ್ಪಿಕೊಂಡು ಬಂದವರ ಕೈಯಲ್ಲೇ ಪ್ರಾಣ ಬಿಟ್ಟ ಹಕ್ಕಿಗಳುಂಟು. ಹಕ್ಕಿಗಿಂತ ತುಸು ದೊಡ್ಡ ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೆಯ ಬಟ್ಟೆ, ಬದಿಗೆ ಬೆರಳಗಲದ ಏಳೆಂಟು ತೂತು, ಮುಚ್ಚಿದ ಮುಚ್ಚಳ, ಇಷ್ಟು ಸಾಕು. ತಂತಿಯ ಪಂಜರ ಬೇಡವೇ ಬೇಡ. ದಾರಿಯಲ್ಲಿ ಮುಚ್ಚಳ ತೆಗೆದು ಫೋಟೊ ತೆಗೆಯುವುದೂ ಬೇಡ. ಕತ್ತಲೇ ಅದಕ್ಕೆ ಔಷಧ.

ನೀರು ಕುಡಿಸುವ ಆಸೆಯನ್ನೂ ತಡೆದುಕೊಳ್ಳಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಸುರಿದ ನೀರು ನೇರ ಪುಪ್ಪುಸಕ್ಕೆ ಇಳಿಯಬಹುದು. ಕೇಂದ್ರದಲ್ಲಿ ಮೊದಲು ಬೆಚ್ಚಗಿನ ದ್ರವವನ್ನು ಚರ್ಮದ ಕೆಳಗೆ ಕೊಡುತ್ತಾರೆ, ತೂಕದ ಸುಮಾರು ಶೇ 5ರಷ್ಟು. 700 ಗ್ರಾಂ ಹದ್ದಿಗೆ 35 ಮಿಲಿಲೀಟರ್. ಮಾಂಸ ಆಮೇಲಿನ ಮಾತು. ನೀರಿಲ್ಲದೆ ಒಣಗಿದ ದೇಹಕ್ಕೆ ಮಾಂಸ ತುರುಕಿದರೆ ಜೀರ್ಣವಾಗದೆ ಕೊಳೆಯುತ್ತದೆ. ಬರೀ ಮೂಳೆರಹಿತ ಕೋಳಿ ತಿಂದು ಬೆಳೆದ ಮರಿಗಳ ಕಾಲಂತೂ ಸುಣ್ಣದಂಶ ಸಾಲದೆ ಸೊಟ್ಟಗಾಗಿರುತ್ತದೆ.

ನೋವಿನ ಮಾತ್ರೆ ಪುಡಿಮಾಡಿ ಕೊಡುವವರಿಗೆ ಒಂದು ಮಾತು. ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಕೊಟ್ಟ ದನಗಳ ಕಳೇಬರ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು ಶೇ 99ಕ್ಕೂ ಹೆಚ್ಚು ಅಳಿದದ್ದು ಹೀಗೆ. ಪಶುಗಳಿಗೆ ಅದನ್ನು ಬಳಸುವುದು 2006ರಲ್ಲಿ ನಿಷೇಧವಾಯಿತು. ಮೆಲಾಕ್ಸಿಕಾಮ್ ಎಂಬ ಇನ್ನೊಂದು ನೋವುನಿವಾರಕ ಸುರಕ್ಷಿತವೆಂದು ತಿಳಿದಿದೆ, ಆದರೆ ಅದನ್ನೂ ತೂಕ ನೋಡಿ ವೈದ್ಯರೇ ಕೊಡಬೇಕು.

ಒಳಗೆ ಬಿಡುವ ಕೇಂದ್ರಕ್ಕೆ ಹೋದರೆ ಹಕ್ಕಿಗಿಂತ ಮೊದಲು ಅದು ಕೂರುವ ಕೊಂಬೆಯನ್ನು ನೋಡಿ. ನುಣುಪು ಪೈಪಾದರೆ ಅಂಗಾಲಿನ ಒಂದೇ ಜಾಗಕ್ಕೆ ಭಾರ ಬಿದ್ದು ಚರ್ಮ ಸವೆದು ಬಾವು ಬರುತ್ತದೆ, ಅದು ಮೂಳೆಗಿಳಿದರೆ ವಾಸಿಯಾಗುವುದು ಕಷ್ಟ. ತೆಂಗಿನ ನಾರಿನ ಹಗ್ಗ ಸುತ್ತಿದ, ಬೇರೆ ಬೇರೆ ದಪ್ಪದ ಕೊಂಬೆಗಳಿದ್ದರೆ ತಿಳಿದವರ ಕೈ ಇದೆ ಎಂದರ್ಥ. ಗೋಡೆ ಗರಿ ಮುರಿಯುವ ಕೋಳಿ ಜಾಲರಿಯದೋ, ಗರಿ ಉಳಿಸುವ ಮರೆಬಟ್ಟೆ ಅಥವಾ ಉದ್ದುದ್ದ ಸರಳಿನದೋ ಗಮನಿಸಿ. ಮರಿಗಳಿಗೆ ಸಿಬ್ಬಂದಿ ಮುಖ ಮರೆಸಿಕೊಂಡು ಉಣಿಸುತ್ತಿದ್ದರೆ ಇನ್ನೂ ಒಳ್ಳೆಯದು. ಮನುಷ್ಯನನ್ನೇ ತಾಯಿ ಎಂದುಕೊಂಡ ಗೂಬೆಮರಿಯನ್ನು ಆಮೇಲೆ ಎಲ್ಲಿಗೂ ಬಿಡಲಾಗದು. ‘ಕೈ ಮೇಲೆ ಕೂರಿಸ್ತೀವಿ, ಸೆಲ್ಫಿ ತಗೊಳ್ಳಿ’ ಎನ್ನುವ ಜಾಗದಿಂದ ಹಿಂದಿರುಗಿ. ಕಣ್ತುಂಬ ನೋಡಬೇಕೆಂದಿದ್ದರೆ ದುರ್ಬೀನು ಹಿಡಿದು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ. 2012ರಲ್ಲಿ ರಣಹದ್ದು ಧಾಮವಾದ ಬೆಟ್ಟವದು. ರಣಹದ್ದು ಕಾಣದಿದ್ದರೂ ಬಂಡೆಯ ಮೇಲೆ ಬೇರೆ ಬೇಟೆಹಕ್ಕಿ ಸುತ್ತುತ್ತಿರುತ್ತದೆ.

ಹಕ್ಕಿ ತಂದವರನ್ನು ಕೆಲವೊಮ್ಮೆ ಬಿಡುಗಡೆಗೆ ಕರೆಯುವುದುಂಟು. ಅದಕ್ಕೆ ಮೊದಲು ಉದ್ದನೆಯ ಗೂಡಿನಲ್ಲಿ ಹಾರಿಸಿ, ತಿರುವು ತೆಗೆದುಕೊಳ್ಳುತ್ತದೆಯೇ, ಕೆಲವು ಸುತ್ತಿನ ನಂತರ ಬಾಯಿ ತೆರೆದು ಏದುಸಿರು ಬಿಡುತ್ತದೆಯೇ ಎಂದು ನೋಡಿರುತ್ತಾರೆ. ಹದ್ದನ್ನು ಬೆಳಿಗ್ಗೆ, ಮಳೆಯಿಲ್ಲದ ದಿನ ಬಿಡುತ್ತಾರೆ. ಗೂಬೆಯನ್ನು ಮುಸ್ಸಂಜೆಗೆ, ಇಲ್ಲದಿದ್ದರೆ ಕಾಗೆಗಳು ಮುತ್ತಿಕೊಳ್ಳುತ್ತವೆ. ಹಕ್ಕಿಯನ್ನು ಆಕಾಶಕ್ಕೆ ಎಸೆಯಲು ಒತ್ತಾಯಿಸಬೇಡಿ, ಅದು ಫೋಟೊಗೆ ಮಾತ್ರ ಚೆಂದ. ಪೆಟ್ಟಿಗೆಯ ಬಾಯನ್ನು ಗಾಳಿಗೆದುರಾಗಿ ತೆರೆದಿಟ್ಟು ಅದರ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲಿ. ಅರ್ಧ ಗಂಟೆ ಕೂತಲ್ಲೇ ಕೂತರೂ ಪೆಟ್ಟಿಗೆ ತಟ್ಟಬೇಡಿ.